ಬಿಗಿದುಕೊಂಡ ಕರಡಿಗೆ

ಇಂದು ಬೆಳಿಗ್ಗೆ ಪೂಜೆಗೆ ಕೂತು ಕೊರಳಿನಲ್ಲಿ ಇಷ್ಟಲಿಂಗವಿರುವ ಬೆಳ್ಳಿ ಕರಡಿಗೆಯ ಮುಚ್ಚಳ ತಿರುವಿದಾಗ, ವಿಭೂತಿಯ ಜೊತೆ ಸಣ್ಣಗೆ ಮಷೀನ್ ಎಣ್ಣೆಯ ವಾಸನೆಯೂ ಬಂತು. ಎಷ್ಟು ತೊಳೆದರೂ ಅದು ಹೋಗಿಲ್ಲ. ಅಥವಾ ನನ್ನ ಮೂಗಿಗಷ್ಟೇ ಹಾಗನ್ನಿಸುತ್ತದೋ... ಆ ವಾಸನೆಗೆ ಪಕ್ಕದ ಮನೆಯ ಕಾಕಾ ನೆನಪಾಗುತ್ತಾರೆ.

ಇಡೀ ಗಲ್ಲಿಗೆ ಅವರು ಕಾಕಾ. ಓಝರ್ ಕಡೆಯ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ನಮ್ಮಂತೆ ವಿಜಾಪುರದ ಕಡೆಯವರು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟು ನಾಶಿಕಕ್ಕೆ ಬಂದು ಲೇಥ್ ಹಿಡಿದವನು. ನಾನು ಮಾಡಿಕೊಟ್ಟ ಒಂದು ನಟ್ಟೂ ವಾಪಸ್ ಬಂದಿಲ್ಲ. ಆ ಹೆಮ್ಮೆ ನನಗಿತ್ತು, ಈಗಲೂ ಇದೆ.

ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಗ ಒಂದು ದಿನ ಕೊರಳಿನ ಲಿಂಗ ತೆಗೆದು ದೇವರ ಜಗುಲಿಯ ಮೇಲಿಟ್ಟಳು.

“ಕಾಲೇಜಿನ್ಯಾಗ ಮೈತ್ರಿಣಿ ‘ಹೇ ಕಾಯ್ ಆಹೇ?’, ಇದೇನಿದು ಅಂತ ಕೇಳಿದ್ಲು, ಪಪ್ಪಾ. ನನಗ ಹೇಳಾಕ ಬರ್ಲಿಲ್ಲ. ಗೊತ್ತಿಲ್ಲದ್ದು ಯಾಕ ಹಾಕ್ಕೋಬೇಕು?”

ಹಾಕಿಕೊಳ್ಳುವವರೆಗೆ ನನ್ನ ಜೊತೆ ಮಾತಾಡಬೇಡ ಎಂದೆ. ಅವಳೂ ನನ್ನ ಮಗಳೇ, ಎಂಟು ದಿನ ಮಾತಾಡಲಿಲ್ಲ. ನಮ್ಮಿಬ್ಬರ ನಡುವೆ ಹೆಂಡತಿ ಸುದ್ದಿ ಸಾಗಿಸಿ ಸೋತಳು. ಕೊನೆಗೆ, ಮಗಳಿಗೆ ನಾಲ್ಕು ಮಾತು ಹೇಳಲಿ ಎಂದು ಕಾಕಾರನ್ನು ಕರೆತಂದೆ.

ಅವರು ಎಲ್ಲ ಕೇಳಿ ನನ್ನ ಕಡೆ ತಿರುಗಿದರು. “ಮೊದಲ ನಿಮ್ಮ ಕರಡಿಗಿ ತೆಗೀರಿ, ನೋಡೂಣು.”

ಮುಚ್ಚಳ ತಿರುವಿದೆ. ಅಲುಗಲಿಲ್ಲ. ಹಲ್ಲು ಕಚ್ಚಿ ತಿರುವಿದೆ. ವರ್ಷಗಟ್ಟಲೆಯ ಬೆವರು, ವಿಭೂತಿ ಸೇರಿ ಗಟ್ಟಿಯಾಗಿತ್ತು. ದಿನಾ ಮುಚ್ಚಿದ ಕರಡಿಗೆಯನ್ನೇ ಕಣ್ಣಿಗೆ ಒತ್ತಿಕೊಂಡು ಕೆಲಸಕ್ಕೆ ಓಡುತ್ತಿದ್ದವನು ನಾನು.

“ಲೇಥಿನ ಮನಷ್ಯಾರು, ನಿಮ್ಮ ಮುಚ್ಚಳ ನೀವ ಜಾಮ್ ಮಾಡ್ಕೊಂಡೀರಲ್ರಿ!” ಎಂದು ಕಾಕಾ ನಕ್ಕರು. ಮಗಳೂ ನಕ್ಕಳು. ಅವಳು ಎದ್ದು ಹೋಗಿ ಹೊಲಿಗೆ ಯಂತ್ರದ ಎಣ್ಣೆ ತಂದು ಎರಡು ಹನಿ ಬಿಟ್ಟಳು. ಎಂಟು ದಿನದ ಮೇಲೆ ಮೊದಲ ಮಾತು: “ಹಿಂಗ ಹಿಡೀರಿ, ಪಪ್ಪಾ.”

ಲಿಂಗ ಕಟ್ಟಿಕೋ ಎಂದು ಕಾಕಾ ಅವಳಿಗೆ ಹೇಳಲೇ ಇಲ್ಲ. “ನನ್ನ ಎಡಗೈ ನಡಗತೈತಿ, ತಂಗಿ. ಲಿಂಗಾ ಹಿಡದು ಪೂಜಾ ಮಾಡೂಮುಂದ ಕೈ ಕೆಳಗ ಒಂದೀಟು ಆಧಾರ ಕೊಡ್ತಿ ಏನು?” ಎಂದರಷ್ಟೇ. ಮರುದಿನದಿಂದ ಕಾಲೇಜಿಗೆ ಹೋಗುವ ಮೊದಲು ಅವಳು ಅವರ ಮನೆಗೆ ಹೋಗತೊಡಗಿದಳು.

“ಲಿಂಗಾನ ಅಷ್ಟೊತ್ತು ನೋಡ್ತೀರಲ್ಲ ಕಾಕಾ, ಏನ್ ಕಾಣತೈತಿ?” ಎಂದು ಒಮ್ಮೆ ಕೇಳಿದಳಂತೆ.

“ಒಂದೊಂದ ದಿನ ಏನೋ ಕಾಣತೈತಿ. ಒಂದೊಂದ ದಿನ ಬರೀ ನಾಷ್ಟಾ ಕಾಣತೈತಿ.”

ಕಾಕಾ ತೀರಿಕೊಂಡಾಗ ಮಗಳು ಸಂಭಾಜಿನಗರದಲ್ಲಿ ನೌಕರಿಯಲ್ಲಿದ್ದಳು. ವೈಜಾಪುರ, ಯೇವಲಾ ದಾಟಿ ಬಸ್ಸಿನಲ್ಲಿ ಬಂದು, ನೇರ ಸ್ಮಶಾನಕ್ಕೇ ಬಂದಳು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕಾಕಾರ ಎಡಗೈಯಲ್ಲಿ ಅವರ ಲಿಂಗವನ್ನಿಟ್ಟರು. ಕೈ ನಿಲ್ಲಲಿಲ್ಲ, ಜಾರಿತು. ಗಂಡಸರು ಮುಖ ಮುಖ ನೋಡಿಕೊಂಡೆವು. ಯಾರೂ ಕರೆಯದೆ ಅವಳೇ ಮುಂದೆ ಬಂದು ಆ ಕೈ ಕೆಳಗೆ ತನ್ನ ಕೈಯಿಟ್ಟಳು. ಅಂಗೈಗೆ ವಸ್ತ್ರ ಸುತ್ತಿ ಕಟ್ಟುವವರೆಗೂ ತೆಗೆಯಲಿಲ್ಲ...

ಅಂದೂ ಅವಳ ಕೊರಳು ಖಾಲಿ ಇತ್ತು, ಇಂದೂ ಖಾಲಿ. ನೆಂಟರು ಕೇಳಿದರೆ “ಅಕೀನ್ನ ಕೇಳ್ರಿ” ಎನ್ನುತ್ತೇನೆ.

ರಜೆಗೆ ಬಂದಿದ್ದಾಳೆ. ಬೆಳಿಗ್ಗೆ ನಾನು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ ಬಂದು ಪಕ್ಕದಲ್ಲಿ ಕೂತು, ನನ್ನ ಕೈ ಕೆಳಗೆ ಕೈ ಹಿಡಿದಳು. ನನ್ನ ಕೈ ನಡುಗುವುದಿಲ್ಲ ಎನ್ನಬೇಕೆಂದಿದ್ದೆ. ಕೈಯ ಭಾರವನ್ನು ಅವಳ ಕೈ ಮೇಲೆ ಬಿಟ್ಟೆ. ಗೋಡೆಯಾಚೆ ಕಾಕಾರ ಮನೆಯಲ್ಲಿ ಬೇರೆ ಯಾರೋ ಟಿವಿ ಹಚ್ಚಿದ್ದರು.