ಬೆರಳ ತುದಿಯಷ್ಟು ಅನ್ನ

ಮೊಣಕೈಯಿಂದ ಉಗುರಿನ ಬುಡದವರೆಗೆ ಅವರ ಎರಡೂ ಕೈಗಳ ಮೇಲೆ ಹಚ್ಚೆಯಿತ್ತು. ಗೆರೆ, ಸುರುಳಿ, ಮತ್ತೆ ಗೆರೆ. ಬರಿಯ ಚರ್ಮ ಕಾಣುತ್ತಿದ್ದದ್ದು ಅಂಗೈಯಲ್ಲಿ ಮಾತ್ರ. ಕೆನಡಾದ ವಾನ್ ಎಂಬ ಊರಿನಲ್ಲಿ ಬೇಸ್‌ಮೆಂಟು ಬಾಡಿಗೆಗೆ ನೋಡಲು ಹೋದ ದಿನ ಬಾಗಿಲು ತೆರೆದಾಗ ನಾನು ಮೊದಲು ನೋಡಿದ್ದು ಆ ಕೈಗಳನ್ನು, ಮುಖ ಆಮೇಲೆ. "ನಿನ್ನ ವಯಸ್ಸಿಗೆ ಮುಂಚೇನೇ ಹಾಕಿಸಿದ್ದು. ಅಳಲಿಲ್ಲ," ಎಂದು ತಾವಾಗಿಯೇ ಹೇಳಿದರು. ಮೇಲಿನ ಮನೆಯ ಅಜ್ಜಿ ಎಂದು ನಾನೂ ನನ್ನ ಹುಬ್ಬಳ್ಳಿಯ ರೂಮ್‌ಮೇಟೂ ಅವರನ್ನು ಕರೆಯತೊಡಗಿದೆವು. ನಾವು ಕಾಲೇಜಿಗೆಂದು ಬಂದವರು. ಓದಿದ್ದಕ್ಕಿಂತ ವೇರ್‌ಹೌಸಿನಲ್ಲಿ ಪ್ಲೈವುಡ್ ಎತ್ತಿದ್ದೇ ಹೆಚ್ಚು.

ಅಜ್ಜಿ ಬೋರ್ನಿಯೊದವರು. ಅದೆಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಟೀ ಲೋಟದಲ್ಲಿ ಬೆರಳದ್ದಿ ಮೇಜಿನ ಮೇಲೆ ಬರೆದು ತೋರಿಸಿದರು. ಒಂದೇ ದ್ವೀಪ, ಮೂರು ದೇಶ. ಕೆಳಗಿನ ದೊಡ್ಡ ಪಾಲು ಇಂಡೊನೇಷ್ಯಾ, ಮೇಲಿನದು ಮಲೇಷ್ಯಾ, ಅದರ ಸೆರಗಿನಲ್ಲಿ ಪುಟ್ಟ ಬ್ರೂನೈ. ಅವರ ಅಕ್ಕನನ್ನು ಬೆಟ್ಟದ ಆಚೆ ಕೊಟ್ಟಿದ್ದರಂತೆ. ಚಿಕ್ಕಂದಿನಲ್ಲಿ ನಡೆದೇ ಹೋಗಿಬರುತ್ತಿದ್ದರಂತೆ. ಆಮೇಲೆ ಬೆಟ್ಟದ ಎರಡೂ ಕಡೆ ಸೈನಿಕರು ಬಂದು ಕೂತರು. "ಅಕ್ಕ ಸತ್ತಾಗ ಪಾಸ್‌ಪೋರ್ಟ್ ಎಲ್ಲಿ ಅಂದ್ರು. ಅಳೋದಕ್ಕೂ ಪಾಸ್‌ಪೋರ್ಟ್ ಬೇಕಾ?" ಇಡೀ ಊರು ಒಂದೇ ಸೂರಿನಡಿ ಬದುಕುತ್ತಿದ್ದ ಅವರ ಉದ್ದನೆಯ ಮನೆ ಈಗ ಅಣೆಕಟ್ಟಿನ ನೀರಿನೊಳಗಿದೆ. ನಾವು ಎತ್ತುವ ಪ್ಲೈವುಡ್ ಎಲ್ಲಿಯದು ಎಂದು ಒಮ್ಮೆ ಕೇಳಿದರು. ಹೇಳಿದೆ. "ಹಾಗಾದ್ರೆ ನಮ್ಮ ಕಾಡೂ ಇಲ್ಲಿಗೇ ಬಂತು," ಎಂದು ಲೋಟ ತೊಳೆಯಲು ಎದ್ದರು.

ಅವರಲ್ಲಿ ಒಂದು ನಿಯಮವಿತ್ತು. ಯಾರಾದರೂ ಅನ್ನ ಮುಂದಿಟ್ಟರೆ, ಹಸಿವಿಲ್ಲದಿದ್ದರೆ ಉಣ್ಣಬೇಡ; ಆದರೆ ಬೆರಳ ತುದಿಯಿಂದ ಮುಟ್ಟಿ ತುಟಿಗೆ ತಾಗಿಸಿ ಹೊರಡು. ಮುಟ್ಟದೆ ಹೊಸ್ತಿಲು ದಾಟಿದವರಿಗೆ ದಾರಿಯಲ್ಲಿ ಕೇಡು ತಪ್ಪಿದ್ದಲ್ಲ. ಅವರ ತಮ್ಮ ಹಾಗೆ ಅವಸರದಲ್ಲಿ ದೋಣಿ ಹತ್ತಿದನಂತೆ. ದೋಣಿ ಸಿಕ್ಕಿತು, ತಮ್ಮ ಸಿಗಲಿಲ್ಲ. ಮೊಸರು ಸಕ್ಕರೆ ತಿನ್ನಿಸದೆ ಪರೀಕ್ಷೆಗೆ ಕಳಿಸದ ಮೈಸೂರಿನ ಮನೆಯವಳು ನಾನು. ನಗುವ ಹಕ್ಕು ನನಗೆಲ್ಲಿಯದು? ಬೆಳಗ್ಗೆ ನಾನು ಶಿಫ್ಟಿಗೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿರುತ್ತಿದ್ದರು. ನನಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದ, ಮೀನು ಸೋಕದ ಬರೀ ಅನ್ನ. ಮುಟ್ಟಿ ತುಟಿಗೆ ತಾಗಿಸುತ್ತಿದ್ದೆ. "ಈಗ ಹೋಗು ಮಗಳೇ," ಎನ್ನುತ್ತಿದ್ದರು.

ಆ ದಿನ ವೈಕುಂಠ ಏಕಾದಶಿ. ವರ್ಕ್ ಪರ್ಮಿಟ್ಟಿಗೆ ಅರ್ಜಿ ಹಾಕಿ ಉಗುರು ಕಚ್ಚುತ್ತಾ ಕೂತಿದ್ದ ಕಾಲ. ಹಿಂದಿನ ದಿನ ಅಮ್ಮ ಫೋನಿನಲ್ಲಿ, "ನಾಳೆ ಒಂದು ದಿನ ನಿಷ್ಠೆಯಿಂದ ಇರೇ. ಒಂದಗುಳೂ ಬಾಯಿಗೆ ಸೋಕಬಾರದು ನೋಡು," ಎಂದಿದ್ದಳು. ಬೆಳಗ್ಗೆ ಬಟ್ಟಲು ಬಂತು. ನಾನು ಕೈಗಳನ್ನು ಕೋಟಿನ ಜೇಬಿಗೆ ತುರುಕಿದೆ.

"ಇವತ್ತು ಅನ್ನ ಮುಟ್ಟೋ ಹಾಗಿಲ್ಲ ಅಜ್ಜಿ. ಉಪವಾಸ."

"ತಿನ್ನಬೇಡ. ಮುಟ್ಟು, ಸಾಕು."

"ತುಟಿಗೆ ಸೋಕಿದ್ರೂ ವ್ರತ ಕೆಡುತ್ತೆ. ಬಸ್ ತಪ್ಪುತ್ತೆ, ಬಿಡಿ ನನ್ನನ್ನ."

ಸಿಡುಕಿಯೇ ಹೇಳಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಬಸ್‌ಸ್ಟಾಪಿನಲ್ಲಿ ನಿಂತು ತಿರುಗಿ ನೋಡಿದರೆ, ಕೋಟಿಲ್ಲದೆ, ಮನೆಯ ಚಪ್ಪಲಿಯಲ್ಲೇ, ಬಟ್ಟಲು ಹಿಡಿದು ಅಜ್ಜಿ ಬರುತ್ತಿದ್ದರು. ಫುಟ್‌ಪಾತಿನ ಮೇಲೆ ರಾತ್ರಿ ಕಟ್ಟಿದ ಮಂಜುಗಡ್ಡೆ ಇನ್ನೂ ಕರಗಿರಲಿಲ್ಲ. ಬೇಡ ಎಂದು ಕೂಗುವಷ್ಟರಲ್ಲಿ ಅವರ ಕಾಲು ಜಾರಿತು. ಓಡಿ ಹೋಗಿ ಎತ್ತಲು ಕೈ ಹಾಕಿದೆ. ಚೆಲ್ಲಿದ ಅನ್ನ ಅಂಗೈಗೆ ಮೆತ್ತಿಕೊಂಡಿತು. ನೋವಿಗೆ ಹಲ್ಲು ಕಚ್ಚಿದ್ದವರು ನನ್ನ ಕೈ ನೋಡಿ ಸಮಾಧಾನದ ಉಸಿರು ಬಿಟ್ಟರು.

"ಮುಟ್ಟಿದೆ ಅಲ್ವಾ? ಸರಿ. ಇನ್ನು ನಿನಗೇನೂ ಆಗಲ್ಲ."

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದಮೇಲೆ ಅವರು ಆಡಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ; ಆಸ್ಪತ್ರೆ ಸೇರಿದವರು ಮನೆಗೆ ಬರಲೇ ಇಲ್ಲ. ತಿಂಗಳು ಕಳೆಯುವುದರೊಳಗೆ ನ್ಯುಮೋನಿಯಾ ಆಗಿ ಹೋದರು. "ಒಂದ್ ಬೆರಳ ಹಚ್ಚಿದ್ರ ನಿಂದೇನ್ ಗಂಟ್ ಹೋಗ್ತಿತ್ತು?" ಎಂದಳು ರೂಮ್‌ಮೇಟ್. "ನಿನ್ನ ದೇವ್ರು ಅಷ್ಟು ಸಿಟ್ಟಿನಂವ ಏನು?" ಪರ್ಮಿಟ್ ಅದೇ ವಾರ ಬಂತು. ಏಕಾದಶಿಯ ಫಲ ಎಂದಳು ಅಮ್ಮ. ಹೂಂ ಎಂದೆ.

ಅಜ್ಜಿಯ ಮಗ ಇಲ್ಲೇ ಕ್ಲೈನ್‌ಬರ್ಗ್‌ನ ದೊಡ್ಡ ಮನೆಯಲ್ಲಿದ್ದಾನೆ. ಈ ದೇಶದಲ್ಲೇ ಹುಟ್ಟಿದವನು, ಹಬ್ಬಕ್ಕೊಮ್ಮೆ ಬಂದು ಮುಖ ತೋರಿಸುತ್ತಿದ್ದವನು. ಅಪಘಾತದ ದಿನ ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದ್ದ, "ಅಂಥ ಚಳಿಯಲ್ಲಿ ಬಟ್ಟಲು ಹಿಡ್ಕೊಂಡು ಅಮ್ಮ ಬೀದಿಗೆ ಯಾಕೆ ಬಂದಳು?" ಗೊತ್ತಿಲ್ಲ ಎಂದಿದ್ದೆ. ಮರೆವಿನ ಕಾಯಿಲೆ ಶುರುವಾಗಿತ್ತೇನೋ ಎಂದು ಅವನೇ ಅಂದುಕೊಂಡ. ನಾನು ಅಲ್ಲ ಎನ್ನಲಿಲ್ಲ.

ಅಂತ್ಯಕ್ರಿಯೆಯ ಊಟಕ್ಕೆ ಅವನು ತಟ್ಟೆ ತಂದು ಕೊಟ್ಟ. ಹಸಿವಿರಲಿಲ್ಲ. ಅನ್ನ ಮುಟ್ಟಿ ಬೆರಳನ್ನು ತುಟಿಗೆ ತಾಗಿಸಿ ತಟ್ಟೆ ಕೆಳಗಿಟ್ಟೆ.

"ಅದೇನು ಮಾಡಿದ್ದು?" ಎಂದು ಕೇಳಿದ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

"ನಿಮ್ಮಮ್ಮ ಕಲಿಸಿದ್ದು," ಎಂದೆ. ಅರ್ಥ ಬಿಡಿಸಿ ಹೇಳಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಮರೆವು ಹಿಡಿದು ಬೀದಿಗೆ ಬಂದ ಮುದುಕಿ ಎಂದೇ ಅವನು ತಾಯಿಯನ್ನು ನೆನೆಯುತ್ತಾನೆ. ಹಾಗೆ ನೆನೆಯುವಂತೆ ಮಾಡಿದವಳು ನಾನು.