ಮುದ್ದಮ್ಮನ ಎರಡು ಮಾತು

ಮುದ್ದಮ್ಮ ತೀರಿಕೊಂಡ ಬೆಳಿಗ್ಗೆ ಮನೆಯಲ್ಲಿ ಅಳುವಿಗಿಂತ ಜಗಳವೇ ಜೋರಾಗಿತ್ತು. ಮೊಮ್ಮಗಳು ಮಂಜುಳಾ ಅಜ್ಜಿಯ ತಲೆದೆಸೆಯಲ್ಲಿ ಕೂತು, ಅಳಬೇಕೋ ಎದ್ದು ಹೋಗಿ ಬಾಯಿ ಬಿಡಬೇಕೋ ತಿಳಿಯದೆ ಒದ್ದಾಡುತ್ತಿದ್ದಳು.

ಅಂಗಳದಲ್ಲಿ ನಿಂತಿದ್ದವನು ಅಜ್ಜಿಯ ತಮ್ಮ ಮರಿಯಣ್ಣ. ಸುದ್ದಿ ಮುಟ್ಟಿದ್ದೇ ಹಳೇಬೀಡಿನಿಂದ ಅರಸೀಕೆರೆಗೆ ಬಂದಿದ್ದ, ಹೆಗಲಲ್ಲಿ ತಮಟೆ. ಬಾಗಿಲಿಗೆ ಅಡ್ಡ ನಿಂತಿದ್ದವನು ಮಂಜುಳಾಳ ಅಪ್ಪ, ಹೈಸ್ಕೂಲು ಮೇಷ್ಟ್ರು ಭೀಮರಾಜ್.

"ನಾ ಸತ್ರೆ ನೀನೇ ತಮಟೆ ಬಡೀಬೇಕು ಅಂತ ಅಕ್ಕ ನನ್ ಕೈ ಹಿಡ್ಕೊಂಡು ಹೇಳವ್ಳೆ ಕಣ್ಲಾ ಭೀಮ."

"ನನ್ ಹೆಣದ ಮುಂದೆ ತಮಟೆ ಬೇಡ ಅಂತ ನಂಗೆ ಹೇಳಿದ್ಲು ಮಾವ. ಸುಳ್ಳು ಹೇಳ್ಬೇಡಿ."

"ನಾನ್ಯಾಕ್ಲಾ ಸುಳ್ಳೇಳ್ಲಿ?"

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಎರಡು ಮಾತನ್ನೂ ಮಂಜುಳಾ ಕಿವಿಯಾರೆ ಕೇಳಿದ್ದಳು.

ಮುದ್ದಮ್ಮನ ಗಂಡ ಕೆಂಚಯ್ಯ ಕಣಕಟ್ಟೆ ಕಡೆಯವನು. ಊರಿನ ಹಬ್ಬಕ್ಕೂ ಸಾವಿಗೂ ಅವನದೇ ತಮಟೆ. ಒಮ್ಮೆ ಜ್ವರದಲ್ಲಿ ಮಲಗಿದ್ದವನನ್ನು ಊರವರು ಎಬ್ಬಿಸಿ ಕರೆದೊಯ್ದರು. ಉರಿಬಿಸಿಲಲ್ಲಿ ಬಡಿದು ಬಂದವನು ಮತ್ತೆ ಏಳಲಿಲ್ಲ. ಅವನ ತಮಟೆಯನ್ನು ತನ್ನ ತಮ್ಮ ಮರಿಯಣ್ಣನಿಗೆ ಕೊಟ್ಟು, ಮಗನನ್ನು ಕಂಕುಳಲ್ಲಿಟ್ಟುಕೊಂಡು ಅರಸೀಕೆರೆ ಸೇರಿದ ಮುದ್ದಮ್ಮ ಕೊಬ್ಬರಿ ಮಂಡಿಯಲ್ಲಿ ಕೂಲಿಗೆ ನಿಂತಳು. ಕರಟ ಒಡೆದೂ ಒಡೆದೂ ಅಂಗೈ ಒರಟಾದರೂ ಮಗನ ಓದು ನಿಲ್ಲಿಸಲಿಲ್ಲ.

ತೊಂಬತ್ತರ ದಶಕದ ನಡುವೆ ಭೀಮರಾಜ್ ಬೌದ್ಧನಾದ. ದೇವರ ಪಟಗಳನ್ನು ಇಳಿಸಿ, ಬುದ್ಧನನ್ನೂ ಬಾಬಾಸಾಹೇಬರನ್ನೂ ಗೋಡೆಗೆ ಏರಿಸಿದ. ಮುದ್ದಮ್ಮ ಬೇಡವೆನ್ನಲಿಲ್ಲ. ದಿನಾ ಬುದ್ಧನಿಗೆ ಕಣಗಲೆ ಹೂ ಇಡುತ್ತಿದ್ದಳು. ಮಂಗಳವಾರ ಮಾತ್ರ ಮಾರಮ್ಮನ ಗುಡಿಗೆ ಹೋಗಿ, ಹಣೆಯ ಬಂಡಾರವನ್ನು ಬಾಗಿಲಲ್ಲೇ ಒರೆಸಿಕೊಂಡು ಒಳಗೆ ಬರುತ್ತಿದ್ದಳು.

"ಅಜ್ಜಿ, ನೀನು ನಂಬೋದು ಯಾರನ್ನ?" ಎಂದು ಮಂಜುಳಾ ಕೇಳಿದ್ದಳು.

"ಅವ್ನು ಕಣ್ ಮುಚ್ಕೊಂಡವ್ನೆ, ಅವ್ಳು ಕಣ್ ಬಿಟ್ಕೊಂಡವ್ಳೆ. ಒಬ್ರಾದ್ರೂ ಎದ್ದಿರ್ಲಿ ಬಿಡು."

ತಮಟೆ ಬೇಡವೆಂದು ಮಗನಿಗೆ ಹೇಳಿದ್ದು ಆ ಪಟಗಳನ್ನು ಏರಿಸಿದ ಸಂಜೆ. ಬೇಕೆಂದು ತಮ್ಮನಿಗೆ ಹೇಳಿದ್ದು ಕೆಲವು ವರ್ಷಗಳ ಮೇಲೆ, ಹಳೇಬೀಡಿನಲ್ಲಿ ಅವನ ಮನೆ ಜಗಲಿಯ ಮೇಲೆ. ವಾಪಸು ಬರುವ ಬಸ್ಸಿನಲ್ಲಿ ಮಂಜುಳಾ ತಡೆಯಲಾರದೆ ಕೇಳಿದ್ದಳು, ಇದರಲ್ಲಿ ನಿಜ ಯಾವುದೆಂದು. "ಎಲ್ಡೂ ನಿಜ ಕಣೇ" ಎಂದು ಅಜ್ಜಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು.

ಈಗ ಮಂಜುಳಾ ಎದ್ದು ಹೊರಗೆ ಬಂದಳು. "ಅಪ್ಪಾ, ತಾತಾ, ಇಲ್ಲಿ ಕೇಳಿ. ಅಜ್ಜಿ ಎರಡೂ ಹೇಳಿದ್ಲು. ನಾನೇ ಕೇಳಿದೀನಿ."

ಇಬ್ಬರೂ ಪೆಚ್ಚಾದರು. "ಅದೆಂಗಾಯ್ತದೆ ಮಗಾ?" ಎಂದ ಮರಿಯಣ್ಣ.

ಮಂಡಿಯಲ್ಲಿ ಅಜ್ಜಿಯ ಜೊತೆ ದುಡಿದಿದ್ದ ಲಲಿತಮ್ಮ ಒಳಗಿಂದಲೇ ಗದರಿದಳು: "ನೀವಿಬ್ರೂ ಹಿಂಗೆ ನಿಂತ್ಕಂಡ್ರೆ ಅವ್ಳೇ ಎದ್ದು ಬಂದು ಮುಂದಿನ ಕೆಲ್ಸ ನೋಡ್ಕಬೇಕಾ?"

ಮೆರವಣಿಗೆ ಸದ್ದಿಲ್ಲದೆ ಹೊರಟಿತು. ಮರಿಯಣ್ಣ ತಮಟೆಗೆ ಟವೆಲು ಸುತ್ತಿಕೊಂಡು ಹಿಂದೆ ನಡೆದ. ಮಣ್ಣು ಮಾಡುವ ಜಾಗದಲ್ಲಿ ಭೀಮರಾಜ್ 'ಬುದ್ಧಂ ಸರಣಂ ಗಚ್ಛಾಮಿ' ಎಂದು ತ್ರಿಸರಣ ಹೇಳಿದ, ಎಲ್ಲರೂ ಹಿಡಿಮಣ್ಣು ಹಾಕಿದರು. ಜನ ಕೈ ತೊಳೆಯಲು ಹೋದಾಗ ಮರಿಯಣ್ಣ ಹಸಿಮಣ್ಣಿನ ಗುಡ್ಡೆಯ ಪಕ್ಕ ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ, ತಮಟೆ ಕಾಯಿಸಿ, ಮೆಲ್ಲಗೆ ಬಡಿಯತೊಡಗಿದ. ಅದು ಸಾವಿನ ಬಡಿತವಲ್ಲ, ಮದುವೆ ಮನೆಯದು.

ಭೀಮರಾಜ್ ದಾಪುಗಾಲು ಹಾಕುತ್ತ ಅತ್ತ ಹೋದ. ತಮಟೆ ಕಿತ್ತುಕೊಳ್ಳುತ್ತಾನೆಂದು ಮಂಜುಳಾ ಹಿಂದೆಯೇ ಓಡಿದಳು. ಆದರೆ ಅವನು ಮಾವನ ಪಕ್ಕ ಕುಸಿದು ಕೂತು, ಅಂದು ಮೊದಲ ಬಾರಿಗೆ ಅತ್ತ. ಅವ್ವನಿಗಾಗಿಯೋ, ಮುಖವೇ ನೆನಪಿಲ್ಲದ ಅಪ್ಪನಿಗಾಗಿಯೋ, ಮಂಜುಳಾಗೆ ತಿಳಿಯಲಿಲ್ಲ.

ಹಿಂತಿರುಗುವಾಗ ಅವಳು ಕೇಳಿದಳು: "ಅಪ್ಪ, ಅಜ್ಜಿಗೆ ನಿಜವಾಗ್ಲೂ ಬೇಕಾಗಿದ್ದು ಏನು?"

"ಗೊತ್ತಿಲ್ಲ ಮಗಳೇ" ಎಂದ ಭೀಮರಾಜ್. ಬಸ್ ಸ್ಟ್ಯಾಂಡಿನ ಕಡೆ ತಿರುಗುತ್ತಿದ್ದ ಮರಿಯಣ್ಣನನ್ನು ಕಂಡು ದನಿ ಎತ್ತಿ ಕೂಗಿದ: "ಮಾವ, ಅತ್ತ ಯಾಕೆ ಹೊರಟ್ರಿ? ಮನೆಗೆ ಬನ್ನಿ, ನಾಳೆ ಹೋದ್ರಾಯ್ತು."