ಡಿಸೆಂಬರಿನ ಬಿಳಿ ಕಾಗದ

ಬೆಟ್ಟ ಅಗೆದು ಇಲಿ ಹಿಡಿದವರು ಎಲ್ಲೆಡೆ ಇದ್ದಾರೆ. ಗಾಳಿ ಸೋಸಿ ಮರುಭೂಮಿ ಹಿಡಿದವರು ನಮ್ಮ ಬಾರ್ಬಡೋಸ್‌ನ ಮಾನ್ಯ ಕ್ಲಿಯೋಫಸ್ ಇಯರ್‌ವುಡ್ ಅವರು. ಉಳಿದ ಕಚೇರಿಗಳಲ್ಲಿ ಕಡತಗಳ ಮೇಲೆ ಧೂಳು ಕೂರುತ್ತದೆ. ಇವರು ಧೂಳಿಗೇ ಕಡತ ತೆರೆದು, ಮೂವತ್ತೊಂದು ವರ್ಷ ಅದಕ್ಕೆ ಧೂಳು ಹಿಡಿಯಗೊಡದೆ ಕಾಪಾಡಿದರು.

ಪೂರ್ವದ ಕಡಲಬಂಡೆಯ ಮೇಲಿನ ಗೋಪುರ ಹತ್ತಿ, ಬೆಳಿಗ್ಗೆ ಎಂಟಕ್ಕೆ ಗಾಳಿ ಎಳೆಯುವ ಪಂಪಿನ ಸೋಸುಕಾಗದ ಬದಲಿಸುವುದು ಅವರ ಕಾಯಕ. ಗಾಳಿ ಕಡಲಿನಿಂದ ಬೀಸಿದರಷ್ಟೇ ಪಂಪು ಓಡುತ್ತದೆ. ಊರಿನ ಕಬ್ಬಿನ ಗದ್ದೆಯ ಹೊಗೆ ತಿರುಗಿಬಂದರೆ ತಾನೇ ನಿಲ್ಲುತ್ತದೆ. ಜೂನ್, ಜುಲೈಗಳಲ್ಲಿ ಸಹಾರಾದ ಧೂಳು ವಾರದೊಳಗೆ ಅಟ್ಲಾಂಟಿಕ್ ದಾಟಿ ಬಂದು ಕಾಗದವನ್ನು ಇಟ್ಟಿಗೆಬಣ್ಣ ಮಾಡುತ್ತದೆ. ಚಳಿಗಾಲದಲ್ಲಿ ಅದು ದಕ್ಷಿಣದ ದಾರಿ ಹಿಡಿಯುವುದರಿಂದ ನಮಗೆ ಉಪ್ಪಿನ ಬಿಳಿಯೇ ಗತಿ. ಕೆಲಸ ಕಲಿಯಲು ಬಂದ ನಮಗೆ ತಮ್ಮ ಡಬ್ಬಿಯ ಹಾರುಮೀನು ಹಂಚುತ್ತ, ಜಾರಿದ ಅಂಕಿಗಳನ್ನು ಗದರದೆ ತಿದ್ದುತ್ತ, ಈ ಲಯವನ್ನು ಕಲಿಸಿಕೊಟ್ಟರು.

ಕಾಗದಕ್ಕೆ ಕೆಂಪು ಬಂದ ದಿನ ಮಾತ್ರ, ಕಚೇರಿಯ ದಾರಿಯಲ್ಲಿ, ಅವರ ವ್ಯಾನು ಯೂಡಿನ್ ಗ್ರೀವ್ಸ್ ಅವರ ಗೇಟಿನೆದುರು ನಿಲ್ಲುತ್ತಿತ್ತು. ಯೂಡಿನ್ ಅವರ ಗಂಡ ವೆಂಡಲ್ ಹಡಗಿನ ಕೆಲಸಕ್ಕೆ ಹೋಗಿ, ಜ್ವರದಲ್ಲಿ ತೀರಿಕೊಂಡು, ಆಫ್ರಿಕಾದಲ್ಲಿ, ಆ ಧೂಳು ಕಡಲಿಗಿಳಿಯುವ ಡಕಾರ್ ಬಂದರಿನ ಮಣ್ಣಿನಲ್ಲಿದ್ದಾನೆ. ಆ ಸಮಾಧಿಯನ್ನು ಅವರು ಕಂಡೇ ಇಲ್ಲ.

"ಏನೋ ಧೂಳ್ ದೊರೆ, ಬಂದ್ನಾ ನಮ್ಮೋನು?"

"ಮಿಸ್ ಯೂಡಿನ್, ಇಡೀ ಮರುಭೂಮಿನೇ ಬಂದಿದೆ. ಅದ್ರಲ್ಲಿ ನಿಮ್ಮೋನ್ಯಾರು ಅಂತ ನಾನ್ ಹ್ಯಾಗೆ ಹೇಳ್ಲಿ?"

"ಬದುಕಿದ್ದಾಗ್ಲೂ ಹಂಗೇ, ಗುಂಪಿಗೆ ಸೇರ್ಕೊಂಡ್ರೆ ಸಿಗ್ತಿರ್ಲಿಲ್ಲ. ತೋರ್ಸಿಲ್ಲಿ."

ಯೂಡಿನ್ ಅವರು ಕಾಗದವನ್ನು ಮುಟ್ಟದೆ ನೋಡುವರು, ಆಮೇಲೆ ಗೇಟಿನ ಮೇಲಿಂದಲೇ ಒಂದು ಲೋಟ ಮಾಬಿ ಪಾನಕ ಕೊಡುವರು. ಯೂಡಿನ್ ಅವರು ಕಡಲಾಚೆ ನೋಡುತ್ತಿದ್ದರೆ, ಇಯರ್‌ವುಡ್ ಅವರು ಯೂಡಿನ್ ಅವರನ್ನು ನೋಡುತ್ತಿದ್ದರು. ಕಣ್ಣಿಗೆ ಕಾಣದ ಕಣದ ತೂಕ ಹೇಳಬಲ್ಲವರಿಗೆ ಎದೆಯ ಮೇಲಿನ ಈ ಒಂದು ಭಾರ ಮಾತ್ರ ಬಾಯಿಗೆ ಬರಲಿಲ್ಲ. ಪ್ರತಿ ಡಿಸೆಂಬರಿನಲ್ಲೂ, ನಿಲ್ಲಲು ನೆಪವಿಲ್ಲದೆ, ಅದೇ ಗೇಟಿನ ಮುಂದಿನಿಂದ ಹಾಗೇ ಹೋಗುವರು. ವ್ಯಾನಿನಲ್ಲಿದ್ದ ನಮಗೆ ಅಲ್ಲಿ ವೇಗ ತಗ್ಗುವುದು ಯಂತ್ರವಿಲ್ಲದೆಯೂ ತಿಳಿಯುತ್ತಿತ್ತು.

ನಿವೃತ್ತಿಯೂ ಬಂದದ್ದು ಹಾಳು ಡಿಸೆಂಬರಿನಲ್ಲೇ. ಮರುದಿನದಿಂದ ಹೊಸ ಯಂತ್ರ. ಅದಕ್ಕೆ ಕಾಗದ ಬೇಡ, ಬಣ್ಣ ಗೊತ್ತಿಲ್ಲ, ಬರೀ ಅಂಕಿ ಉಗುಳುತ್ತದೆ. ಇನ್ನು ಮುಂದಿನ ಜೂನಿನಲ್ಲೂ ಆ ಗೇಟಿಗೆ ಒಯ್ಯಲು ಏನೂ ಇರುವುದಿಲ್ಲ. ಕೊನೆಯ ಕಾಗದ ಒಗೆದ ದುಪ್ಪಟಿಯಂತೆ ಬೆಳ್ಳಗಿತ್ತು. ಆದರೂ ವ್ಯಾನು ನಿಂತಿತು.

"ಮಿಸ್ ಯೂಡಿನ್, ಇವತ್ತು... ಏನೂ ಬಂದಿಲ್ಲ."

ಅವರು ಕಾಗದದತ್ತ ನೋಡಲೇ ಇಲ್ಲ. "ಮತ್ತೆ ನೀನ್ಯಾಕೆ ಬಂದೆ?"

ಇಯರ್‌ವುಡ್ ಅವರು ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದರು.

"ಆ ಧೂಳು ಒಂದ್ ವಾರಕ್ಕೆ ಸಮುದ್ರ ದಾಟುತ್ತೆ ಅಂತ ನೀನೇ ಹೇಳಿದ್ದೆ. ನಿಂಗೆ ಈ ಗೇಟು ದಾಟಕ್ಕೆ ಮೂವತ್ತೊಂದು ವರ್ಷ ಬೇಕಾ? ಚಿಲಕ ಹಾಕಿಲ್ಲ, ಬಾ ಒಳಗೆ."

ಆ ಕಾಗದ ಅಂದು ಕಚೇರಿ ತಲುಪಿದ್ದು ಎರಡು ಗಂಟೆ ತಡವಾಗಿ. ಅವರ ಸೇವೆಯ ಈ ಏಕೈಕ ಲೋಪವನ್ನು ನಾವು ಹೆಮ್ಮೆಯಿಂದ ಇಲ್ಲಿ ದಾಖಲಿಸುತ್ತಿದ್ದೇವೆ. ಮಾನ್ಯರು ನೂರ್ಕಾಲ ಬಾಳಲಿ. ಗಾಳಿಯ ಬಣ್ಣ ಓದುವ ಅವರ ಕಾಯಕ ಆ ಗೇಟಿನ ಒಳಗಿನಿಂದ ಮುಂದುವರಿಯಲಿ. ಬರುವ ಜೂನಿನಲ್ಲಿ ಆಕಾಶ ಕೆಂಪಾದಾಗ, ಆಚೆ ದಡದಿಂದ ಬರುವವನನ್ನು ಇಬ್ಬರೂ ಒಟ್ಟಿಗೆ ನಿಂತು ಬರಮಾಡಿಕೊಳ್ಳಲಿ.